ಎಣಿಕೆ ಎಕ್ಕಿ ಗಿಡದಿಂದ ಶುರುವಾಗಲಿ



ಕರಾವಳಿ, ಮಲೆನಾಡು, ಬಯಲುಸೀಮೆಗಳ ಪಾತರಗಿತ್ತಿಗಳ ಬಗ್ಗೆ ವಿಚಾರ ಸಂಕಿರಣ ಮಾಡುವುದಕ್ಕೆ ಗದಗ ಜಿಲ್ಲೆಯ ಮುಂಡರಗಿ ಸೀಮೆಯೇ ಬೇಕಿತ್ತೇ ಎಂದು ಕೇಳಿದವರಿದ್ದಾರೆ. ಪ್ರಶ್ನೆ ಸಹಜವೇ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಆ ಕಾಡಿನದೇ. ಸಂಖ್ಯೆಯ ಪೈಪೋಟಿಗೆ ಇಳಿದರೆ ಗದಗ ಗೆಲ್ಲುವುದಿಲ್ಲ. ನನಗೆ ಆ ಪೈಪೋಟಿಯೇ ರುಚಿಸುವುದಿಲ್ಲ. ಹಾರುವುದನ್ನು ಎಣಿಸುವ ಮೊದಲು, ಅದು ಹುಳುವಾಗಿದ್ದಾಗ ಏನು ತಿಂದಿತ್ತು ಎಂದು ಕೇಳೋಣ.

ಹನುಮಪ್ಪನಿಗೆ ಹಾರ ಕಟ್ಟಲು ಎಲೆ ಕೊಯ್ಯುವ ಎಕ್ಕಿ ಗಿಡವನ್ನೇ ನೋಡಿ. ಎಲೆಯಡಿ ಪ್ಲೇನ್ ಟೈಗರ್ ಚಿಟ್ಟೆ ಒಂದೊಂದೇ ಮೊಟ್ಟೆ ಇಡುತ್ತದೆ. ಹುಳುವಿನ ಮೈಮೇಲೆ ಕಪ್ಪು, ಬಿಳಿ ಪಟ್ಟೆ, ಹಳದಿ ಚುಕ್ಕಿ, ಮೂರು ಜೊತೆ ಕರಿ ಕೋಡು. ಗಿಡದ ವಿಷ ಮೈಗೂಡಿರುವುದರಿಂದ ಇದರ ರುಚಿ ಕಂಡ ಹಕ್ಕಿ ಮತ್ತೆ ಹತ್ತಿರ ಸುಳಿಯುವುದಿಲ್ಲ. ಡನೇಯ್ಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹುಳು ತಿನ್ನುವುದು ಗೋಳಿ ಸೊಪ್ಪು, ಅದಕ್ಕೆ ವಿಷವಿಲ್ಲ. ಆದರೆ ಅದರ ಹೆಣ್ಣು ಥೇಟ್ ಪ್ಲೇನ್ ಟೈಗರ್ ವೇಷ ಹಾಕಿ ಬದುಕುತ್ತದೆ. ಹಿಂದಿನ ರೆಕ್ಕೆ ನೋಡಿದರೆ ಗುಟ್ಟು ರಟ್ಟು: ಅಸಲಿಗೆ ನಡುವೆ ಮೂರು ನಾಲ್ಕು ಕಪ್ಪು ಚುಕ್ಕಿ, ವೇಷಧಾರಿಗೆ ಮೇಲಂಚಿನಲ್ಲಿ ಒಂದೇ. ಈ ನಾಟಕ ನಡೆಯುವುದು ನಾವು ಕಳೆ ಎಂದು ಕಿತ್ತೆಸೆಯುವ ಗಿಡಗಳಲ್ಲಿ.

ಬಾರಿ ಗಿಡಕ್ಕೆ ಕಾಮನ್ ಪಿಯರೊ, ಔಡಲಕ್ಕೆ ಕಾಮನ್ ಕ್ಯಾಸ್ಟರ್, ಲಿಂಬಿಗೆ ಲೈಮ್ ಬಟರ್‌ಫ್ಲೈ. ಇಷ್ಟೂ ಒಂದೇ ಬದುವಿನ ಮೇಲೆ ಸಿಕ್ಕಾವು. ಹಾಗೆಂದು ಎಲ್ಲವೂ ರೈತರ ಗೆಳೆಯರಲ್ಲ. ಪೀ ಬ್ಲೂ ಹುಳು ಅವರೆ, ತೊಗರಿಯ ಹೂವು-ಕಾಯಿ ಕೊರೆಯುತ್ತದೆ. ಅದರ ಮುಂದೆ ಸೌಂದರ್ಯದ ಉಪನ್ಯಾಸ ಕೊಟ್ಟರೆ ರೈತರು ನಕ್ಕಾರು. ಬೆಳೆಗೆ ಹೊಡೆಯುವ ಎಣ್ಣೆ ಬದುವಿಗೂ ಬೀಳಬೇಕೇ ಎಂಬುದಷ್ಟೇ ನನ್ನ ತಕರಾರು.

ಅತ್ತ ನಮ್ಮ ಜಿಲ್ಲೆಯ ಕಪ್ಪತಗುಡ್ಡದ 244 ಚದರ ಕಿಲೋಮೀಟರ್ 2019ರಲ್ಲಿ ವನ್ಯಜೀವಿಧಾಮವಾಯಿತು, ಅದೂ ಜನರ ದೊಡ್ಡ ಹೋರಾಟದ ಬಳಿಕ. ಈಗ ಹುಲ್ಲಿನ ಇಳಿಜಾರನ್ನು ಬರಡು ಎಂದು ಬಗೆದು ಗುಂಡಿ ತೋಡಿ ಗಿಡ ನೆಡುವ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ದೇಶದ ಅತಿ ಚಿಕ್ಕ ಚಿಟ್ಟೆಗಳಲ್ಲೊಂದಾದ ಗ್ರಾಸ್ ಜ್ಯುವೆಲ್‌ಗೆ ನೆರಳು ಬೇಡ, ನೆಲಕ್ಕಂಟಿದ ಪುಟ್ಟ ಗಿಡಗಳು ಬೇಕು.

ಮೂರು ಸೀಮೆಗಳನ್ನು ಒಂದೇ ಚರ್ಚೆಗೆ ತಂದುದಕ್ಕೂ ಕಾರಣವಿದೆ. ಮುಂಗಾರು ಹೊಸ್ತಿಲಲ್ಲಿ ಡಾರ್ಕ್ ಬ್ಲೂ ಟೈಗರ್‌ನಂಥವು ಘಟ್ಟದ ಕಡೆಯಿಂದ ಪೂರ್ವದ ಬಯಲಿಗೆ ಹಿಂಡುಹಿಂಡಾಗಿ ಹಾರುತ್ತವೆ. ಮಳೆ ಮುಗಿದ ಮೇಲೆ ಮರಳುತ್ತವೆ. ಮಲೆನಾಡಿನವರ ಪಟ್ಟಿ, ನಮ್ಮ ಪಟ್ಟಿ ಬೇರೆಬೇರೆ ಕಪಾಟಿನಲ್ಲಿದ್ದರೆ ಈ ಪಯಣ ಯಾರಿಗೂ ಪೂರ್ತಿ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಮಂಡನೆಯಾಗುವ ಪ್ರತಿ ದಾಖಲೆಗೂ ತಾರೀಖು, ಜಾಗ, ಹುಳುವಿನ ಗಿಡ ಇರಲಿ. ಏನೂ ಕಾಣದ ದಿನವನ್ನೂ ಬರೆದಿಡಿ.

ನಾಳೆ ತುಂಗಭದ್ರೆಯ ದಂಡೆಗೆ ಹೋಗುವವರು ಒದ್ದೆ ಮರಳಿನ ಕಡೆ ಕಣ್ಣಿಡಿ. ಗಂಡು ಚಿಟ್ಟೆಗಳು ಲವಣಕ್ಕಾಗಿ ಅಲ್ಲಿ ಗುಂಪುಗೂಡುತ್ತವೆ. ಬಿಸಿಲೇರದೆ ಅವು ಹಾರುವುದಿಲ್ಲ, ನಸುಕಿನಲ್ಲೇ ಏಳುವ ಅವಸರ ಬೇಡ. ಬಲೆ ಇಲ್ಲೇ ಇರಲಿ, ಎಲೆ ತಿರುವಿ ನೋಡಲು ಕೈ ಸಾಕು.