ಟ್ರಾಕ್ಟರಿನ ಎತ್ತುವ ಕೈ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಏಳನೆಯ ಇಯತ್ತೆ ಓದಿ ಹೋಟೆಲು ಸೇರಿದವನು ಟ್ರಾಕ್ಟರಿನ ಬಗ್ಗೆ ಏನು ಹೇಳಿಯಾನು ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ನಗಲಿ. ಇಲ್ಲಿ ತಟ್ಟೆ ತೊಳೆದು, ಗಿರಣಿಯಲ್ಲಿ ದುಡಿದು ಉಳಿಸಿದ ಹಣವನ್ನು ಊರಿಗೆ ಕಳಿಸಿ, ಅಣ್ಣತಮ್ಮಂದಿರೊಡನೆ ಸೇರಿ ಹಳೆಯ ಟ್ರಾಕ್ಟರು ಕೊಂಡವರು ನಮ್ಮಲ್ಲಿ ಇದ್ದಾರೆ. ಮುಂಗಾರಿನ ಹೊತ್ತಿಗೆ ಊರಿನಿಂದ ಫೋನು ಬರುತ್ತದೆ: ನೇಗಿಲು ಏಳುವುದಿಲ್ಲ, ಹೈಡ್ರಾಲಿಕ್ ಪಂಪು ಹೋಗಿದೆಯಂತೆ, ದುಡ್ಡು ಕಳಿಸು. ಕಳಿಸುವ ಮೊದಲು ಏನು ಕೇಳಬೇಕೆಂಬುದೇ ನನ್ನ ಇಂದಿನ ಮಾತು.

ಗಿರಣಿಯಲ್ಲಿದ್ದವರು ಬೇಲ್ ಪ್ರೆಸ್ ಕಂಡಿದ್ದೀರಿ. ಇದೂ ಅದೇ ವಿದ್ಯೆ. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದಿಲ್ಲ. ಎದುರಿಗಿರುವ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಹಿಂದಿನ ಎರಡು ಕೈಗಳನ್ನು ಎತ್ತುತ್ತದೆ. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್ ಇದನ್ನು ನೇಗಿಲಿಗೆ ಹೊಂದಿಸಿದ. ಅವನ ಟಿಇ20 ಟ್ರಾಕ್ಟರು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. 1960ರಲ್ಲಿ ಮದರಾಸಿನಲ್ಲಿ ಹುಟ್ಟಿದ ಟಾಫೆ ಕಂಪನಿ ಮ್ಯಾಸ್ಸಿ ಫರ್ಗುಸನ್ ಗಾಡಿಗಳನ್ನು ನಮ್ಮ ಹಳ್ಳಿಗಳಿಗೆ ತಂದಿತು. ನಾನು ಆ ಹಳೆಯ ಟಿಇ20ಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ; ಬೇರೆ ಗಾಡಿಯಾದರೆ ಅದರ ಕೈಪಿಡಿ ನೋಡಬೇಕು.

ಈ ಗಾಡಿಯಲ್ಲಿ ಪಂಪು ಹೊರಗೆ ಕಾಣುವುದಿಲ್ಲ. ಸೀಟಿನ ಕೆಳಗಿನ ಹೊಟ್ಟೆಯಲ್ಲಿ, ಎಣ್ಣೆಯಲ್ಲಿ ಮುಳುಗಿ ಕೂತಿದೆ. ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ. ಪಂಪನ್ನು ತಿರುಗಿಸುವುದು ಪಿಟಿಓ ದಂಡ. ಆದ್ದರಿಂದ ಮೊದಲ ಪ್ರಶ್ನೆ: ಪಿಟಿಓ ಲಿವರ್ ಹಾಕಿದೆಯೇ? ಕ್ಲಚ್ ಮೇಲೆ ಕಾಲಿಟ್ಟುಕೊಂಡು ಲಿಫ್ಟ್ ಎತ್ತಲು ನೋಡುತ್ತಿದ್ದಾರೆಯೇ? ಕ್ಲಚ್ ಒತ್ತಿದರೆ ಪಂಪೂ ನಿಲ್ಲುತ್ತದೆ. ನಗಬೇಡಿ, ಇಷ್ಟಕ್ಕೇ ಗಾಡಿ ಬಿಚ್ಚಿದವರಿದ್ದಾರೆ.

ಎರಡನೆಯದು ಎಣ್ಣೆ. ಅಳತೆ ಕಡ್ಡಿಯಲ್ಲಿ ಮಟ್ಟ ಸರಿಯಿದೆಯೇ? ಬಣ್ಣ ಹೇಗಿದೆ? ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಬಯಲಲ್ಲಿ ನಿಂತ ಗಾಡಿಗೆ ಗೇರ್ ಲಿವರಿನ ಹರಿದ ರಬ್ಬರಿನಿಂದ ಮಳೆ ಇಳಿಯುತ್ತದೆ. ಆ ನೀರಿನಿಂದ ಒಳಗಿನ ಕಂಟ್ರೋಲ್ ವಾಲ್ವು ತುಕ್ಕು ಹಿಡಿದು ಕಚ್ಚಿಕೊಂಡರೆ ಪಂಪಿಗೆ ಎಣ್ಣೆಯೇ ಸಿಗದು. ಪಂಪು ಚೆನ್ನಾಗಿಯೇ ಇರುತ್ತದೆ, ಪಾಪ.

ಇನ್ನು ರೋಗದ ಲಕ್ಷಣ. ಲಿಫ್ಟ್ ಜರ್ಕು ಹೊಡೆಯುತ್ತ ಏಳುತ್ತಿದೆಯೇ? ಪಂಪಿನ ನಾಲ್ಕು ಪಿಸ್ಟನ್ನುಗಳಲ್ಲಿ ಯಾವುದೋ ಒಂದರ ವಾಲ್ವು ಕೆಲಸ ಮಾಡುತ್ತಿಲ್ಲದಿರಬಹುದು. ಸರಿಯಾಗಿ ಎದ್ದು, ಎಂಜಿನ್ ನಿಲ್ಲಿಸಿದೊಡನೆ ಕುಸಿಯುತ್ತಿದೆಯೇ? ಹಾಗಾದರೆ ಎತ್ತುವ ಶಕ್ತಿ ಇದೆ, ಹಿಡಿಯುವ ಶಕ್ತಿ ಇಲ್ಲ. ಎಣ್ಣೆ ಎಲ್ಲೋ ಸೋರುತ್ತಿದೆ. ಎಲ್ಲಿ ಎಂದು ಊಹಿಸಬೇಕಾಗಿಲ್ಲ. ನೇಗಿಲು ಎತ್ತಿ, ಅದರಡಿ ಒಂದೆರಡು ಅಂಗುಲ ಬಿಟ್ಟು ಮರದ ದಿಮ್ಮಿ ಇಡಿಸಿ, ಎಂಜಿನ್ ನಿಲ್ಲಿಸಿ, ಬೇಕಷ್ಟು ಎಣ್ಣೆ ಇಳಿಸಿ, ಪಕ್ಕದ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಲಿ. ಮೇಲಿನ ಸಿಲಿಂಡರಿನಿಂದ ತೊಟ್ಟಿಕ್ಕಿದರೆ ಪಿಸ್ಟನ್ನಿನ ರಿಂಗು. ಕೊಳವೆಯ ಬುಡದಲ್ಲಾದರೆ ಅಲ್ಲಿನ ಸೀಲು. ಪಂಪಿನಲ್ಲೇ ಆದರೆ ವಾಲ್ವು. ರಿಂಗು, ಸೀಲುಗಳ ಬೆಲೆ ಎಲ್ಲಿ, ಪೂರಾ ಪಂಪಿನ ಬೆಲೆ ಎಲ್ಲಿ! ನೋಡದೆಯೇ "ಪಂಪು ಹೋಯಿತು" ಎನ್ನುವ ಮೇಸ್ತ್ರಿಗೆ ಈ ಒಂದು ಪ್ರಶ್ನೆ ಕೇಳಿ: ಮುಚ್ಚಳ ತೆಗೆದು ನೋಡಿದೆಯಾ?

ಈಗ ಹೇಳುವುದನ್ನು ಹಣಕ್ಕಿಂತ ಹೆಚ್ಚಾಗಿ ಗಮನಿಸಿ. ಎತ್ತಿದ ನೇಗಿಲಿನ ಅಡಿಯಲ್ಲಿ, ಎತ್ತಿದ ಟ್ರಾಲಿಯ ಅಡಿಯಲ್ಲಿ ಯಾರೂ ನುಗ್ಗಕೂಡದು. ಅದನ್ನು ಹಿಡಿದಿರುವುದು ಕಬ್ಬಿಣವಲ್ಲ, ಎಣ್ಣೆ. ಯಾರದಾದರೂ ಕೈ ಲಿವರಿಗೆ ತಗುಲಿದರೆ ಸಾಕು. ಒಂದು ನಟ್ಟು ಬಿಚ್ಚುವ ಮೊದಲು ಭಾರವನ್ನು ನೆಲಕ್ಕಿಳಿಸಬೇಕು.

ಟ್ರಾಲಿಗೆ ಹೋಗುವ ರಬ್ಬರ್ ಪೈಪಿನ ಮೇಲೆ ಬೆರಳಾಡಿಸಿ ಸೋರಿಕೆ ಹುಡುಕುವುದು ಕೆಟ್ಟ ಅಭ್ಯಾಸ. ಲಾರಿ ಚಕ್ರದಲ್ಲಿ ಗಾಳಿಯ ಒತ್ತಡ ನೂರು ಪೌಂಡಿನ ಆಸುಪಾಸು. ಇಲ್ಲಿ ಎಣ್ಣೆಯ ಒತ್ತಡ ಚದರ ಅಂಗುಲಕ್ಕೆ 2000 ಪೌಂಡಿನವರೆಗೆ ಹೋಗುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಇರುವೆ ಕಚ್ಚಿದಂತೆ ಕಾಣುತ್ತದೆ, ಮೊದಲು ನೋವೂ ಅಷ್ಟಿಲ್ಲ. ಅರಿಶಿನ ಹಚ್ಚಿ ಮಲಗಿದರೆ ಬೆರಳೇ ಹೋದೀತು. ಎಣ್ಣೆ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ, ಆ ಗಳಿಗೆಯಲ್ಲೇ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು, ಅದನ್ನೂ ದೂರದಿಂದ ಹಿಡಿಯಬೇಕು.

ರಿಪೇರಿ ಮುಗಿದ ಮೇಲೆ ಹಳೆಯ ಎಣ್ಣೆಯನ್ನೇ ಸೋಸಿ ಹಾಕಲು ಬಿಡಬೇಡಿ. ಫಿಲ್ಟರು ತೊಳೆದು, ಕೈಪಿಡಿ ಹೇಳಿದ ಎಣ್ಣೆ ತುಂಬಿ, ಮೊದಲು ಬರಿಗೈಯಲ್ಲಿ ಹತ್ತು ಸಲ ಎತ್ತಿ ಇಳಿಸಿ, ಮಟ್ಟ ಮತ್ತೊಮ್ಮೆ ನೋಡಿ, ಆಮೇಲೆ ನೇಗಿಲು ಕಟ್ಟಲಿ.