ಅಂಗಮರ್ದನಕ್ಕೂ ಬೇಕು ಸಮ್ಮತಿ

ಹುಬ್ಬಳ್ಳಿ-ಧಾರವಾಡದ ಜನರಿಗೆ ಮಾಲೀಸು ಹೊಸದೇನೂ ಅಲ್ಲ. ಗರಡಿಯ ಕೆಮ್ಮಣ್ಣಿನಲ್ಲಿ ಸೆಣಸಿ ಎದ್ದ ಪೈಲವಾನರು ಒಬ್ಬರ ಮೈಯನ್ನೊಬ್ಬರು ಎಣ್ಣೆ ಹಚ್ಚಿ ತಿಕ್ಕುವ ರೂಢಿ ಬಹಳ ಹಳೆಯದು. ಈಗ ಓಟಗಾರರೂ ಕಬಡ್ಡಿಯಾಟಗಾರರೂ ಹಣ ತೆತ್ತು ಅಂಗಮರ್ದನ ಮಾಡಿಸಿಕೊಳ್ಳುತ್ತಾರೆ. ಆದರೆ ಮೈಯನ್ನು ಪರರ ಕೈಗೆ ಒಪ್ಪಿಸುವ ಮುನ್ನ ನಡೆಯಬೇಕಾದ ಮಾತುಕತೆಯ ಕಡೆಗೆ ನಮ್ಮ ಲಕ್ಷ್ಯ ಕಡಿಮೆ.

'ಸಮ್ಮತಿ' ಎಂಬ ಶಬ್ದವನ್ನು ಬಿಡಿಸಿ ನೋಡಿರಿ. 'ಸಮ್' ಎಂದರೆ ಕೂಡಿ. 'ಮತಿ' ಎಂದರೆ ತಿಳಿವು. ಇಬ್ಬರ ತಿಳಿವು ಕೂಡಿದರೆ ಸಮ್ಮತಿ. 1872ರ ಭಾರತೀಯ ಕರಾರು ಕಾಯಿದೆಯ 13ನೆಯ ಕಲಮಿನ ಅಭಿಪ್ರಾಯವೂ ಇದೇ: ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಬೆನ್ನು ಹಗುರಾಗಲೆಂದು ನೀವು ಮಲಗಿದಿರಿ. ಮಾಲೀಸಿನವನು ಮೊಣಕೈ ಊರಿ ಆಳದ ಸ್ನಾಯುವನ್ನು ಅರೆದನು. ಇಬ್ಬರ ಮತಿ ಎಲ್ಲಿ ಕೂಡಿತು? ಎಲ್ಲಿ ಮುಟ್ಟುವೆ, ಎಷ್ಟು ಒತ್ತುವೆ, ಏತಕ್ಕೆ, ಮರುದಿನ ನೋವು ಉಳಿದೀತೆ ಎಂಬುದನ್ನು ಅವನು ಮೊದಲೇ ತಿಳಿಸಬೇಕು. ಬೆನ್ನಿಗೆ ಕೊಟ್ಟ ಒಪ್ಪಿಗೆ ತೊಡೆಗೆ ಸಲ್ಲದು. 2008ರಲ್ಲಿ ಸಮೀರಾ ಕೊಹ್ಲಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವೈದ್ಯರಿಗೆ ಇಂಥದೇ ಮಾತು ಹೇಳಿತು: ರೋಗಪರೀಕ್ಷೆಗೆ ಕೊಟ್ಟ ಸಮ್ಮತಿ, ಪ್ರಾಣಾಪಾಯದಂಥ ತುರ್ತು ಇಲ್ಲದಾಗ, ಶಸ್ತ್ರಚಿಕಿತ್ಸೆಗೆ ಸಮ್ಮತಿಯಾಗದು.

ಆದರೆ ಚಪ್ಪಾಳೆಗೆ ಎರಡು ಕೈ ಬೇಕು. ಕಫಪೀಡಿತನಿಗೂ ಅಜೀರ್ಣವಾದವನಿಗೂ ಅಭ್ಯಂಗ ವರ್ಜ್ಯವೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾನೆ. ಅಜೀರ್ಣದ ಸುದ್ದಿ ಹೇಳಬೇಕಾದವನು ಉಂಡವನೇ ಅಲ್ಲವೆ? ಹಾಗೆಯೇ ಜ್ವರ, ಗಜಕರ್ಣ, ಹೊಸ ಉಳುಕು, ಎಲುಬು ಮುರಿದ ಶಂಕೆ ಇವುಗಳನ್ನು ನೀವೇ ತಿಳಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಿಗೆ ಬಿರುಸಾದ ಒತ್ತಡದಿಂದ ಒಳಗೇ ರಕ್ತ ಸ್ರವಿಸಬಹುದು. ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಫುಪ್ಪುಸವನ್ನು ಸೇರಿ ಪ್ರಾಣಕ್ಕೇ ಎರವಾದೀತು. ಅಂಥವರು ಮೊದಲು ಹೋಗಬೇಕಾದದ್ದು ವೈದ್ಯರಲ್ಲಿಗೆ. ಪಂದ್ಯ ಹತ್ತಿರ ಬಂತೆಂದು ನೋವನ್ನು ಮುಚ್ಚಿಟ್ಟ ತರುಣನು, ಎಷ್ಟೇ ನಿಪುಣನಾಗಲಿ, ಮಾಲೀಸಿನವನ ಕಣ್ಣಿಗೆ ಬಟ್ಟೆ ಕಟ್ಟಿದಂತೆಯೇ ಸರಿ.

'ಮೌನವೇ ಸಮ್ಮತಿ' ಎಂಬ ನುಡಿಯೊಂದು ರೂಢಿಯಲ್ಲಿದೆ. ವರ್ಗದಲ್ಲಿ "ತಿಳಿಯಿತೆ?" ಎಂದಾಗ ಮಕ್ಕಳು ಸುಮ್ಮನಿದ್ದರೆ ತಿಳಿದಿಲ್ಲವೆಂದೇ ಅರ್ಥ, ಇದು ಎಲ್ಲ ಮಾಸ್ತರರೂ ಬಲ್ಲ ಮಾತು. ಉಸ್ತಾದನ ಕೈಕೆಳಗೆ ಹಲ್ಲು ಕಚ್ಚಿ ಮಲಗಿದ ಹುಡುಗನ ಮೌನವೂ ಅಂಥದೇ. ಅದು ಭಯವಿರಬಹುದು, ಭಕ್ತಿಯಿರಬಹುದು, ಸಮ್ಮತಿಯೆಂದು ತಿಳಿಯಲಾಗದು. ಹದಿನೆಂಟು ತುಂಬದವರಾದರೆ ತಂದೆತಾಯಿಗಳ ಅನುಮತಿಯಿರಲಿ. ಹಿರಿಯರೊಬ್ಬರು ಹತ್ತಿರವೂ ಇರಲಿ. ಹಿರಿಯರು ಹೂಂ ಎಂದರೂ ಮಗು ಬೇಡವೆಂದರೆ ಕೈ ತೆಗೆಯಬೇಕು.

ಒಮ್ಮೆ ಕೊಟ್ಟ ಒಪ್ಪಿಗೆಯನ್ನು ನಡುವೆಯೇ ಹಿಂದಕ್ಕೆ ಪಡೆಯಲು ಬರುತ್ತದೆ. ಅದಕ್ಕೆ ಎರಡೇ ಅಕ್ಷರ ಸಾಕು: 'ಸಾಕು'. ಅದನ್ನು ಹೇಳಲು ನೀವು ನಾಚಬೇಡಿರಿ. ಕೇಳಿದೊಡನೆ ಕೈ ತಡೆಯುವವನೇ ತನ್ನ ವಿದ್ಯೆಯನ್ನು ಬಲ್ಲವನು.