ಮೂರು ವಾರದ ಟೀಚರು, ಮೂವತ್ತು ವರ್ಷದ ಟೀಚರು

(ಇಟ್ಟಮಡುವಿನ ನೆರೆಹೊರೆಯವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಬೀದಿಯ ಹುಡುಗಿಯೊಬ್ಬಳು ರಜೆಯಲ್ಲಿ ಕೀನ್ಯಾಕ್ಕೆ ಹೊರಟಿದ್ದಳು. ಪ್ರವಾಸದ ಜೊತೆಗೆ ಮೂರು ವಾರ ಅಲ್ಲಿನ ಹಳ್ಳಿಯ ಶಿಶುವಿಹಾರದಲ್ಲಿ ಸ್ವಯಂಸೇವೆ. ಹೇಳಿಹೋಗಲು ಮನೆಗೆ ಬಂದಾಗ ನಾನು ಸುಮ್ಮನಿರಲಾರದೆ ಕೇಳಿದೆ: "ನಮ್ಮ ಇಟ್ಟಮಡುವಿನ ಅಂಗನವಾಡಿ ಎಲ್ಲಿದೆ, ಗೊತ್ತೇನಮ್ಮ?" ಅವಳಿಗೆ ಗೊತ್ತಿರಲಿಲ್ಲ. "ನಿಮಗೆ ಗೊತ್ತಾ ಅಂಕಲ್?" ಎಂದಳು. ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ನನಗೂ ಗೊತ್ತಿರಲಿಲ್ಲ! ಇವತ್ತಿನ ಮಾತು ಹುಟ್ಟಿದ್ದು ಆ ನಾಚಿಕೆಯಿಂದ.

ಅವಳು ಹೋದದ್ದನ್ನು ನಾನು ಹಳಿಯುತ್ತಿಲ್ಲ. ಕೀನ್ಯಾದ ಶಿಶುವಿಹಾರಗಳ ಕಥೆ ತಿಳಿಯಬೇಕಾದದ್ದೇ. 1963ರಲ್ಲಿ ಸ್ವತಂತ್ರವಾದ ಆ ದೇಶಕ್ಕೆ ಜೋಮೋ ಕೆನ್ಯಾಟಾ ಕೊಟ್ಟ ಘೋಷಣೆ 'ಹರಾಂಬೆ', ಅಂದರೆ ಎಲ್ಲರೂ ಸೇರಿ ಎಳೆಯೋಣ. (ರೈಲು ಹಳಿ ಹಾಕಲು ಹೋದ ಭಾರತೀಯರ 'ಹರ ಹರ ಅಂಬೆ'ಯಿಂದ ಈ ಮಾತು ಬಂತೆನ್ನುವವರಿದ್ದಾರೆ. ಕೇಳಲು ಚೆನ್ನ, ನನಗೆ ನಂಬಿಕೆಯಿಲ್ಲ.) ಎಷ್ಟೋ ಊರುಗಳಲ್ಲಿ ಜನರೇ ಗೋಡೆ ಎಬ್ಬಿಸಿದರು, ತಾಯ್ತಂದೆಯರೇ ಹಣ ಕೂಡಿಸಿ ಟೀಚರಿಗೆ ಕೊಟ್ಟರು. ಮಲಾವಿಯಲ್ಲಂತೂ ಊರಿನ ಹೆಂಗಸರು ಸಂಬಳವನ್ನೇ ಕಾಣದೆ ಶಿಶುಕೇಂದ್ರಗಳನ್ನು ನಡೆಸಿದ್ದಾರೆ. ಹೊರಗಿನಿಂದ ಹೋದವರು ಫೋಟೋದಲ್ಲಿ ಕಾಣುತ್ತಾರೆ, ಈ ಹೆಂಗಸರು ಕಾಣುವುದಿಲ್ಲ.

ನಮ್ಮಲ್ಲಿಯೂ ಹಾಗೆಯೇ. ಇಲ್ಲಿಂದ ಹೆಚ್ಚು ದೂರವಿಲ್ಲದ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿ ಎಂಬಲ್ಲಿ ಬಾಲಶಿಕ್ಷಣ ಕೇಂದ್ರ ತೆರೆದರು. ಬಡವರ ಮಕ್ಕಳು ಶಾಲೆಯ ತನಕ ಬರಲಿಲ್ಲ. ಹಾಗಾದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಲಿ ಎಂದರು. ಅಂಗಳದ ಆ ಶಾಲೆಯೇ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ.

ಆಗ ಒಂದು ಮಾತಿನ ಚಮತ್ಕಾರ ನಡೆಯಿತು. ಅಂಗನವಾಡಿ ಟೀಚರು ನೌಕರಳಲ್ಲ, ಗೌರವ ಕಾರ್ಯಕರ್ತೆ. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅಂದರೆ ಅವಳೂ ನಮ್ಮ ಹುಡುಗಿಯಂತೆ ಸ್ವಯಂಸೇವಕಿಯೇ! ವ್ಯತ್ಯಾಸವಿಷ್ಟೇ, ಅವಳಿಗೆ ಹಿಂದಿರುಗುವ ವಿಮಾನವಿಲ್ಲ. 2018ರಲ್ಲಿ ಏರಿಸಿದ ಮೇಲೂ ಆ ಗೌರವಧನದಲ್ಲಿ ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250, ಮೇಲಿನದು ರಾಜ್ಯದ್ದು. ಅಂಗನವಾಡಿ ಹುದ್ದೆ ಸರ್ಕಾರಿ ಹುದ್ದೆಯಲ್ಲವೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನಮ್ಮ ಕರ್ನಾಟಕದ್ದೇ ಮೊಕದ್ದಮೆ. ಗುಜರಾತಿನ ಮೊಕದ್ದಮೆಯಲ್ಲಿ 2022ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಇವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದಿತು. ಯೋಜನೆ ಶುರುವಾಗಿ ಅಷ್ಟು ಹೊತ್ತಿಗೆ 46 ವರ್ಷ ಕಳೆದಿತ್ತು.

ಕೆಲಸವಾದರೂ ಎಷ್ಟು! ಆಟ, ಹಾಡು, ಊಟ, ಮೊಟ್ಟೆಯ ಲೆಕ್ಕ, ತೂಕ, ಲಸಿಕೆಗೆ ಕರೆಯುವುದು, ಗರ್ಭಿಣಿಯರ ಪಟ್ಟಿ, ಮನೆಮನೆ ಭೇಟಿ. ಮತದಾರರ ಪಟ್ಟಿಯೂ ಎಷ್ಟೋ ಸಲ ಅವರ ಹೆಗಲಿಗೇ. 2021ರಿಂದ ಇದೆಲ್ಲವನ್ನೂ ಫೋನಿಗೆ ತುಂಬುವ ಕೆಲಸ ಬೇರೆ. ಇಷ್ಟರ ನಡುವೆ ಮೂರು ವರ್ಷದ ಕೂಸಿನ ಮೂಗೂ ಒರೆಸಬೇಕು. ಆ ಕೂಸು ಅಮ್ಮನ ಸೆರಗು ಬಿಟ್ಟು ಇನ್ನೊಬ್ಬರನ್ನು ನಂಬಲು ವಾರಗಳೇ ಹಿಡಿಯುತ್ತವೆ. ಮೂರು ವಾರದಲ್ಲಿ ಹೊರಡುವವರು ಆ ನಂಬಿಕೆ ಗಳಿಸಿಕೊಂಡು ಹೊರಟರೆ ಮಗುವಿಗೆ ನಷ್ಟವೇ ಹೆಚ್ಚು.

ಹುಡುಗಿ ಕೀನ್ಯಾದಿಂದ ಬಂದಳು. ಇಬ್ಬರೂ ಹುಡುಕಿಕೊಂಡು ಅಂಗನವಾಡಿಗೆ ಹೋದೆವು. ಟೀಚರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ದಿನ ಬರ್ತೀಯಮ್ಮ?"

"ಶನಿವಾರ ಮಾತ್ರ ಬರಬಲ್ಲೆ ಟೀಚರ್."

"ಹಾಗಾದರೆ ಹಾಡು ಆಟ ನನಗಿರಲಿ. ನೀನು ತೂಕ ಬರೆದುಕೊಡು, ಪಾತ್ರೆ ಜೋಡಿಸು. ಅಷ್ಟು ಹೊತ್ತು ನಾನು ಮಕ್ಕಳ ಜೊತೆ ಕೂತಿರ್ತೀನಿ."

ಆ ದಿನ ಅವಳು ಹನ್ನೆರಡು ಮಕ್ಕಳ ತೂಕ ಬರೆದಳು. ಹದಿಮೂರನೆಯವನು ಅವಳು ಎಷ್ಟು ಕರೆದರೂ ಬರಲಿಲ್ಲ. ಟೀಚರೇ ಎತ್ತಿ ತೂಕದ ಯಂತ್ರದ ಮೇಲೆ ನಿಲ್ಲಿಸಬೇಕಾಯಿತು.